ಬುತ್ತಿಯ ಡಬ್ಬಿಯೂ ಆರು ಸೆಮಿಸ್ಟರೂ
(ದೊಡವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ದತ್ತಿ ಇಟ್ಟ ಮನೆಯವರೇ, ದೊಡವಾಡದಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬಂದ ತಾಯಂದಿರೇ, ಅಣ್ಣಂದಿರೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಬಳಿ ಕೂತಿರುವ ಕಾಲೇಜು ಹುಡುಗ ಹುಡುಗಿಯರೇ,

ಈ ಭಾಗದ ಯಾವ ಕಾಲೇಜಿಗೆ ಹೋದರೂ ದತ್ತಿನಿಧಿಗಳ ಫಲಕವೊಂದು ಕಾಣುತ್ತದೆ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆ ಇಷ್ಟು, ಪದವಿಯಲ್ಲಿ ಮೊದಲಿಗರಾದವರಿಗೆ ಇಷ್ಟು ಎಂದು ಬರೆದಿರುತ್ತದೆ. ಹೆಚ್ಚಿನವು ತಂದೆಯ ಸ್ಮರಣಾರ್ಥ, ತಾಯಿಯ ಸ್ಮರಣಾರ್ಥ ಇಟ್ಟವು. ಫಲಕದಲ್ಲಿ ಹೆಸರಿರುವ ಆ ತಂದೆತಾಯಿಗಳಲ್ಲಿ ಬಹಳ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಮಕ್ಕಳನ್ನು ಹತ್ತಿಸಿದವರು. ಇಂದಿನ ದತ್ತಿಯೂ ಅಂಥದೇ ಒಂದು ಮನೆಯದು. ಆದ್ದರಿಂದ ವಿಷಯಕ್ಕಾಗಿ ನಾನು ತಡಕಾಡಬೇಕಾಗಲಿಲ್ಲ. ಮಕ್ಕಳ ಕಾಲೇಜು ಓದಿನಲ್ಲಿ ಮನೆಯವರ ಪಾಲು ಏನು, ಅದು ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂಬುದನ್ನೇ ಎತ್ತಿಕೊಂಡಿದ್ದೇನೆ.

ಪದವಿ ಕಾಲೇಜಿನಲ್ಲಿ ಪಾಠ ಹೇಳಿಯೇ ನಿವೃತ್ತನಾದವನು ನಾನು. ಅಧ್ಯಾಪಕರ ಕೋಣೆಯಲ್ಲಿ ಚಹಾದ ಹೊತ್ತಿಗೆ ಸದಾ ಕೇಳುತ್ತಿದ್ದ ಮಾತೊಂದಿದೆ: "ಹಳ್ಳಿ ಪಾಲಕರಿಗೆ ಮಕ್ಕಳ ಓದಿನ ಕಾಳಜಿನ ಇಲ್ರಿ. ಅಡ್ಮಿಶನ್ ಮಾಡಿಸಿ ಹ್ವಾದ್ರ ಮುಗೀತು, ಮತ್ತ ಇತ್ತಾಗ ಹಾಯೂದಿಲ್ಲ." ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಅರ್ಧವನ್ನು ಮೊದಲು ತೆಗೆದುಹಾಕುತ್ತೇನೆ.

ಬೆಳಗಿನ ಜಾವ ವಸ್ತಿ ಬಸ್ಸು ಹೊರಡುವ ಹೊತ್ತಿಗೆ ನಮ್ಮ ಊರುಗಳ ಬಸ್ ಕಟ್ಟೆ ನೋಡಿ. ಪ್ರಯಾಣಿಕರಿಗಿಂತ ಮೊದಲು ಡಬ್ಬಿಗಳು ಬಂದು ಕೂತಿರುತ್ತವೆ. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಚೀಲ, ಬಾಯಿಗೆ ದಾರ, ಮುಚ್ಚಳದ ಮೇಲೆ ಎಣ್ಣೆಬಣ್ಣದಲ್ಲಿ ಹುಡುಗನ ಹೆಸರು, ಊರಿನ ಹೆಸರು, ಈಗೀಗ ಮೊಬೈಲ್ ನಂಬರು. ಒಳಗೆ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ. ಬೇಸಿಗೆಯಾದರೆ ಪಲ್ಯ ಹಳಸೀತೆಂದು ಜುಣಕ. ಪಂಚಮಿ ಹತ್ತಿರ ಬಂದರೆ ಉಂಡಿ, ಶೀಗಿಹುಣ್ಣಿಮೆಗೆ ಕಡಬು. ಧಾರವಾಡದಲ್ಲಿ ಕೋಣೆ ಹಿಡಿದು ಓದುವ ಹುಡುಗನಿಗೆ ಊರಿನ ಪಂಚಾಂಗ ಗೊತ್ತಾಗುವುದು ಆ ಡಬ್ಬಿಯಿಂದಲೇ. ಡ್ರೈವರಣ್ಣ ಅವನ್ನು ಬಾನೆಟ್ಟಿನ ಪಕ್ಕದಲ್ಲಿ ಒಂದರ ಮೇಲೊಂದು ಜೋಡಿಸಿಕೊಳ್ಳುತ್ತಾನೆ. ಬಸ್ಸು ಧಾರವಾಡ ಮುಟ್ಟುವಾಗ ಸಪ್ತಾಪುರ, ಮಾಳಮಡ್ಡಿ ಕಡೆಯ ಕೋಣೆಗಳಿಂದ ಬಂದ ಹುಡುಗರು ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ. ನಿನ್ನೆಯ ಖಾಲಿ ಡಬ್ಬಿ ಕೊಟ್ಟು ಇಂದಿನದನ್ನು ತೆಗೆದುಕೊಳ್ಳುತ್ತಾರೆ.

ಆರು ಗಂಟೆಯ ಬಸ್ಸಿಗೆ ರೊಟ್ಟಿ ಕಟ್ಟಬೇಕೆಂದರೆ ತಾಯಿ ನಾಲ್ಕಕ್ಕೆ ಒಲೆ ಹೊತ್ತಿಸಬೇಕು. ಮೂರು ವರ್ಷದ ಪದವಿ ಮುಗಿಯುವವರೆಗೂ ಇದು ನಡೆಯುತ್ತದೆ, ಮಳೆಗಾಲ, ಸುಗ್ಗಿ ಎನ್ನದೆ. ಕಾಲೇಜಿನ ಗುಣಮಟ್ಟ ಅಳೆಯಲು ನ್ಯಾಕ್ ಸಮಿತಿ ಬಂದಾಗ ನೂರಾರು ಪುಟದ ವರದಿ ಒಪ್ಪಿಸುತ್ತೇವೆ. ಈ ಬುತ್ತಿಗೆ ಅದರಲ್ಲಿ ಒಂದು ಕಲಮು ಇಲ್ಲ. ಪಾಲಕರಿಗೆ ಕಾಳಜಿಯಿಲ್ಲ ಎನ್ನುವವರು ಒಂದು ದಿನ ಆ ಬಸ್ಸಿನಲ್ಲಿ ಕೂತು ಹೋಗಿ ಬರಲಿ.

ಇನ್ನು ರೊಕ್ಕದ ಮಾತು. ವಿದ್ಯಾರ್ಥಿವೇತನ ಬರಬೇಕೆಂದರೆ ಜಾತಿ ಆದಾಯ ಪತ್ರಕ್ಕೆ ನಾಡಕಚೇರಿಗೆ ಅಲೆಯುವವರು ಮನೆಯವರು. ಆಧಾರ್ ಜೋಡಣೆಯಾಗಿಲ್ಲ ಎಂದರೆ ಬ್ಯಾಂಕಿನಲ್ಲಿ ಪಾಳಿ ಹಚ್ಚುವವರೂ ಅವರೇ. 2021ರಲ್ಲಿ ರೈತ ವಿದ್ಯಾನಿಧಿ ಬಂತು. ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಎಂದು ಗೊತ್ತುಮಾಡಿದರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದೇ ವರ್ಷ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮಗಳ ಫೀಗೆ ಹೋಯಿತೆಂದು ಹೇಳುವ ತಾಯಂದಿರು ಈ ಸಭೆಯಲ್ಲೇ ಇದ್ದೀರಿ. ಬ್ಯಾಂಕು 4 ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಕೊಡುತ್ತದೆ, ಆದರೆ ಹುಡುಗನ ಸಹಿಯ ಕೆಳಗೆ ಅಪ್ಪನ ಸಹಿಯೋ ಹೆಬ್ಬೆಟ್ಟೋ ಬೀಳಲೇಬೇಕು. ಪದವಿ ಮಗನದು, ಸಹಸಾಲಗಾರ ಅಪ್ಪ.

ಈ ಹಟ ನಿನ್ನೆ ಮೊನ್ನೆಯದಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಬಿ.ಎ. ಎಂದರೆ ಪುಣೆಯೋ ಮುಂಬಯಿಯೋ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ. ತಂದೆ ಬೇಗ ತೀರಿಕೊಂಡ ಆ ಮನೆಯನ್ನು ಅಜ್ಜಿಯೂ ತಾಯಿಯೂ ಖಾನಾವಳಿ ನಡೆಸಿ ಸಾಗಿಸಿದರು. ಓದಿಗೆ ಆಸರೆಯಾದವರು ಕಾಕಾ. ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರೇ ಮೊದಲು ಬಂದು ನಿಂತಿದೆ. ಅಷ್ಟೂ ಅನುಕೂಲವಿಲ್ಲದ ಮನೆಯ ಹುಡುಗರು ವಾರಾನ್ನ ಉಂಡು ಓದಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆಮೇಲೆ ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದಂಥ ಮಠಗಳು ಪ್ರಸಾದ ನಿಲಯಗಳನ್ನು ತೆರೆದವು.

ಸವದತ್ತಿ ಸೀಮೆಯ ಶಿರಸಂಗಿ ಇಲ್ಲಿಂದ ಬಹಳ ದೂರವೇನಲ್ಲ. ಅಲ್ಲಿಯ ದೇಸಗತಿಗೆ ದತ್ತಕವಾಗಿ ಬಂದ ಲಿಂಗರಾಜರು ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1906ರಲ್ಲಿ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಮೊದಲ ಸಲ ಸೇರಿದಾಗ ಅಧ್ಯಕ್ಷತೆ ವಹಿಸಿದವರು ಅವರೇ. ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟು ಹೋದರು. ಒಂದು ಮನೆತನದ ಆಸ್ತಿ ಇಡೀ ಸೀಮೆಯ ಮಕ್ಕಳಿಗೆ ಫೀ ಆದ ಸಂಗತಿ ಇದು. ಹತ್ತು ವರ್ಷದ ನಂತರ, 1916ರ ನವೆಂಬರ್ 13ರಂದು, ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. 1933ರಲ್ಲಿ ಆ ಸಂಸ್ಥೆ ಆರಂಭಿಸಿದ ಕಾಲೇಜಿಗೆ ಈಗ ಲಿಂಗರಾಜರದೇ ಹೆಸರು. ಒಂದು ಮಾತು ಸೇರಿಸಬೇಕು. ಲಿಂಗರಾಜರ ದಾನ ಒಂದು ಸಮಾಜದ ಮಕ್ಕಳಿಗೆಂದು ಇದ್ದದ್ದು. ಆ ಕಾಲ ಹಾಗಿತ್ತು. ನೆರಳು ಕೊಡಲು ದೇಸಾಯರೂ ಮಠವೂ ಇಲ್ಲದ ಸಮಾಜಗಳ ಮನೆಗಳು ಸರಕಾರಿ ಹಾಸ್ಟೆಲ್ಲು ಬರುವವರೆಗೆ ಕಾಯಬೇಕಾಯಿತು. ಇವತ್ತಿಗೂ ನಮ್ಮ ತರಗತಿಗಳಲ್ಲಿ ಮನೆತನಕ್ಕೆ ಮೊದಲ ಪದವೀಧರರಾಗಲು ಹೊರಟವರು ಹೆಚ್ಚಾಗಿ ಆ ಮನೆಗಳ ಮಕ್ಕಳು.

ಈಗ ಲೆಕ್ಕದ ಇನ್ನೊಂದು ಮಗ್ಗುಲಿಗೆ ಬರುತ್ತೇನೆ. ಇದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಹಿಸ್ಸೆಯ ದಿನ ಪಡಸಾಲೆಯಲ್ಲಿ ಎಲ್ಲರೂ ಎತ್ತುತ್ತಾರೆ.

ನಾಲ್ಕು ಮಕ್ಕಳ ಮನೆಯಲ್ಲಿ ಒಬ್ಬನನ್ನು ಓದಿಸುತ್ತೇವೆ. ದೊಡ್ಡವ ಎಸ್ಸೆಸ್ಸೆಲ್ಸಿಗೆ ನಿಂತು ಅಪ್ಪನ ಜೊತೆ ಕುಂಟೆ ಹೊಡೆಯುತ್ತಾನೆ. ಅಕ್ಕ ಏಳನೆಯದಕ್ಕೋ ಹತ್ತನೆಯದಕ್ಕೋ ಬಿಟ್ಟು ಕಳೆ ತೆಗೆಯಲು ಹೋಗುತ್ತಾಳೆ. ರಾಮದುರ್ಗದ ಕಡೆಯಾದರೆ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. "ಸಣ್ಣಾವ ಶ್ಯಾಣ್ಯಾ ಅದಾನ, ಅಂವಾ ಕಲೀಲಿ" ಎಂದು ಅವರೇ ಹೇಳಿರುತ್ತಾರೆ. ಸಣ್ಣವ ಪದವಿ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗಿ ನೌಕರಿ ಹಿಡಿಯುತ್ತಾನೆ. ಹತ್ತು ವರ್ಷದ ಮೇಲೆ ಹೊಲ ಹಂಚುವ ದಿನ ಅಣ್ಣ ಬಾಯಿ ತೆರೆಯುತ್ತಾನೆ: "ನಿನ್ನ ಸಾಲಿಗೆ ಹಾಕಿದ ರೊಕ್ಕ ಎಲ್ಲೆ ಹೋತು?"

ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿತ್ತು. ಅವಿಭಕ್ತ ಕುಟುಂಬದ ಖರ್ಚಿನಲ್ಲಿ ವಿಶೇಷ ವಿದ್ಯೆ ಪಡೆದವನ ಗಳಿಕೆ ಯಾರದು? ಪಂಜಾಬಿನ ಒಂದು ಮನೆತನದಲ್ಲಿ ಒಬ್ಬರು ಐ.ಸಿ.ಎಸ್. ಅಧಿಕಾರಿಯಾದರು. ಅವರ ಗಳಿಕೆಯ ಮೇಲಿನ ವ್ಯಾಜ್ಯ ಬೆಳೆದು ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿತು. ಗೋಕುಲಚಂದ್ ಮತ್ತು ಹುಕುಮ್‌ಚಂದ್ ನಡುವಿನ ಆ ಪ್ರಕರಣದ ತೀರ್ಪು ಬಂದದ್ದು 1921ರಲ್ಲಿ: ಮನೆಯ ಹಣದಿಂದ ಕಲಿತಿದ್ದಾನೆ, ಆದ್ದರಿಂದ ಗಳಿಕೆಯಲ್ಲಿ ಮನೆಯವರಿಗೂ ಪಾಲುಂಟು. ವಕೀಲರು, ಡಾಕ್ಟರರು, ನೌಕರದಾರರು ಬೆಚ್ಚಿಬಿದ್ದರು. ಆಮೇಲೆ ಮುಂಬಯಿಯ ಬ್ಯಾರಿಸ್ಟರ್ ಎಂ. ಆರ್. ಜಯಕರ್ ಅವರ ಪ್ರಯತ್ನದಿಂದ 1930ರಲ್ಲಿ ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್ ಬಂತು. ಓದಿಗೆ ಖರ್ಚು ಮಾಡಿದವರು ಯಾರೇ ಇರಲಿ, ವಿದ್ಯೆಯಿಂದ ಗಳಿಸಿದ್ದು ಕಲಿತವನ ಸ್ವಂತದ್ದು ಎಂದು ಆ ಕಾಯ್ದೆ ಹೇಳಿತು. ಇವತ್ತಿಗೂ ಅದೇ ಕಾನೂನು.

ಕಾನೂನು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಓದಿದವನ ಜೀವಮಾನದ ದುಡಿಮೆಯನ್ನು ಮನೆಗೆ ಒತ್ತೆ ಇಡುವುದು ನ್ಯಾಯವಲ್ಲ. ಆದರೆ ಕಾಯ್ದೆ ಮನ್ನಾ ಮಾಡಿದ ಆ ಬಾಕಿಯನ್ನು ನಮ್ಮ ಪಡಸಾಲೆ ಮನ್ನಾ ಮಾಡಿಲ್ಲ. ಓದಿದವ ತನ್ನ ಪಾಲಿನ ಹೊಲವನ್ನು ಅಣ್ಣನಿಗೆ ಬಿಟ್ಟುಕೊಟ್ಟ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಬಿಡದೆ ಕೋರ್ಟು ಹತ್ತಿದವೂ ಇವೆ. ಎರಡೂ ಲೆಕ್ಕದಲ್ಲಿ ಅಕ್ಕನ ಹೆಸರು ಬರುವುದಿಲ್ಲ ಎಂಬುದನ್ನು ಗಮನಿಸಿ. ಅವಳು ಬಿಟ್ಟ ಸಾಲಿಗೆ ಯಾರೂ ಬೆಲೆ ಕಟ್ಟಿಲ್ಲ. ಈಗ ಕಾಲೇಜಿನಲ್ಲಿರುವ ಹುಡುಗರಿಗೆ ನನ್ನದೊಂದೇ ಸೂಚನೆ: ನೌಕರಿ ಹಿಡಿದ ಮೇಲೆ ಅಣ್ಣನ ಮಕ್ಕಳ, ಅಕ್ಕನ ಮಕ್ಕಳ ಓದು ನಿಮ್ಮ ಖರ್ಚಿನಲ್ಲಿ ಬರೆದುಕೊಳ್ಳಿ. ಅದು ಉಪಕಾರವೇನಲ್ಲ, ಬಾಕಿ.

ಅಧ್ಯಾಪಕರ ಕೋಣೆಯ ಮಾತಿನಲ್ಲಿ ಅರ್ಧ ನಿಜ ಎಂದೆನಲ್ಲ, ಅದು ಇಲ್ಲಿದೆ. ಬುತ್ತಿ ಕಟ್ಟುವ, ಸಾಲಕ್ಕೆ ಸಹಿ ಹಾಕುವ ಈ ಮನೆ, ಓದಿನ ವಿಷಯ ಬಂದಾಗ ಬಾಯಿ ಕಟ್ಟಿಕೊಂಡುಬಿಡುತ್ತದೆ. ಹತ್ತಿ ಗಿಡದಲ್ಲಿ ಎಷ್ಟು ಕಾಯಿ ಹಿಡಿದಿದೆ, ಯಾವ ಹೊಲಕ್ಕೆ ಯಾವ ಕೀಡೆ ಬಿದ್ದಿದೆ ಎಂದು ಬಾಯಿಪಾಠದಲ್ಲಿ ಹೇಳುವ ಅಪ್ಪನಿಗೆ ಮಗ ಯಾವ ಸೆಮಿಸ್ಟರಿನಲ್ಲಿದ್ದಾನೆ ಎಂಬುದು ಗೊತ್ತಿರುವುದಿಲ್ಲ. ಮಗ ಊರಿಗೆ ಬಂದರೆ ಕೇಳುವ ಪ್ರಶ್ನೆಗಳು ಎರಡೇ. "ಪರೀಕ್ಷಾ ಹೆಂಗಾದುವು?" "ನೌಕರಿ ಯಾವಾಗ ಹತ್ತತೈತಿ?" ಮೊದಲನೆಯದಕ್ಕೆ ಉತ್ತರ "ಚಲೋ ಆಗ್ಯಾವು." ಎರಡನೆಯದಕ್ಕೆ ಉತ್ತರವಿಲ್ಲ.

"ನಮಗೇನ್ ತಿಳೀತೈತ್ರಿ, ನಾವು ಸಾಲಿ ಕಲತಾವ್ರಲ್ಲ" ಎಂದು ಅವರು ಹೇಳುತ್ತಾರೆ. ಇದು ವಿನಯವೂ ಹೌದು, ತಪ್ಪಿಸಿಕೊಳ್ಳುವ ದಾರಿಯೂ ಹೌದು. ಹತ್ತನೆಯ ಇಯತ್ತೆಯವರೆಗೆ ಮನೆಯಲ್ಲಿ ಗಣಿತ ಹೇಳಿಕೊಡುವವರಿದ್ದರೆ ಉಪಯೋಗವಾದೀತು. ಬಿ.ಎಸ್ಸಿ., ಬಿ.ಕಾಂ.ಗೆ ಯಾವ ಅಪ್ಪನೂ ಪಾಠ ಹೇಳಬೇಕಾಗಿಲ್ಲ, ಎಂ.ಎ. ಓದಿದ ಅಪ್ಪನೂ ಹೇಳಲಾರ. ಬೇಕಾದದ್ದು ಬೇರೆ. ಇವತ್ತು ಏನು ಹೇಳಿದರು, ಯಾವ ಮಾಸ್ತರರ ಪಾಠ ತಿಳಿಯುತ್ತದೆ, ಯಾರದು ತಿಳಿಯುವುದಿಲ್ಲ, ಗ್ರಂಥಾಲಯದಲ್ಲಿ ಪುಸ್ತಕ ಸಿಗುತ್ತವೆಯೋ, ಜೊತೆಗಿರುವ ಹುಡುಗರು ಯಾರು. ಅಕ್ಷರ ಬಾರದ ತಾಯಿಯೂ ಇಷ್ಟನ್ನು ಕೇಳಬಹುದು. ಕನ್ನಡ ಮಾಧ್ಯಮದಿಂದ ಹೋಗಿ ಇಂಗ್ಲಿಷ್ ಪುಸ್ತಕದ ಮುಂದೆ ಮಂಕಾಗಿ ಕೂತ ಹುಡುಗಿ, ಓದಿದ್ದನ್ನು ಅವ್ವನಿಗೆ ತಿಳಿಯುವ ಹಾಗೆ ಹೇಳಲು ಒಮ್ಮೆ ಪ್ರಯತ್ನಿಸಿದರೆ ಅವಳಿಗೇ ಅರ್ಧ ತಿಳಿದುಹೋಗುತ್ತದೆ. ತರಗತಿಯಲ್ಲಿ ನಾನು ಇದನ್ನು ಮನೆಗೆಲಸವಾಗಿ ಕೊಡುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ಮಾಡಿಕೊಂಡು ಬರುತ್ತಿದ್ದರು.

ಮಾತು ನಿಂತ ಮನೆಯಲ್ಲಿ ಏನಾಗುತ್ತದೆ? ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಯುತ್ತವೆ. ಫಲಿತಾಂಶ ಬರುವುದು ಹುಡುಗನ ಮೊಬೈಲಿಗೆ, ಅವನು ಹೇಳುವುದಿಲ್ಲ. ಎರಡನೆಯದರಲ್ಲಿ ಇನ್ನೊಂದು ಉಳಿಯುತ್ತದೆ. ಮನೆಯಿಂದ ಡಬ್ಬಿ ಬರುತ್ತಲೇ ಇದೆ, ಅದು ಬಂದಷ್ಟೂ ಹೇಳುವುದು ಕಷ್ಟವಾಗುತ್ತದೆ. ತಾಯಿಯ ರೊಟ್ಟಿ ತಿನ್ನುತ್ತ ಸುಳ್ಳು ಹೇಳುವ ಹುಡುಗನ ಹೊಟ್ಟೆಯೊಳಗಿನ ಸಂಕಟ ನನ್ನ ಮುಂದೆ ಹಲವು ಸಲ ಬಂದು ಕೂತಿದೆ. ಕೊನೆಗೆ ಮೂರು ವರ್ಷ ಮುಗಿದು "ಸರ್ಟಿಫಿಕೇಟ್ ಎಲ್ಲೈತಿ?" ಎಂದು ಅಪ್ಪ ಕೇಳಿದ ದಿನ ಎಲ್ಲ ಒಮ್ಮೆಲೇ ಬಯಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಎಲ್ಲವೂ ಪರೀಕ್ಷೆಯ ಕಾರಣದಿಂದಲ್ಲ, ಗೊತ್ತು. ಆದರೂ ಉಳಿದ ವಿಷಯಗಳನ್ನು ಮತ್ತೆ ಕಟ್ಟಿ ಪಾಸಾಗಬಹುದು ಎಂಬ ಸಾದಾ ಸಂಗತಿ ನಮ್ಮ ಎಷ್ಟು ಮನೆಗಳಿಗೆ ತಿಳಿದಿದೆ? ಮನಸ್ಸು ಬಹಳ ಕುಗ್ಗಿದರೆ ಹಗಲಿರುಳು ಮಾತಾಡಲು 14416 ಎಂಬ ಟೆಲಿಮಾನಸ್ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ.

ಮನೆಯವರು ಎಷ್ಟು ಒಳಗೆ ಬರಬೇಕು ಎಂಬುದರಲ್ಲಿ ಲೋಕದಲ್ಲಿ ಒಂದೇ ಪದ್ಧತಿ ಇಲ್ಲ. ಅಮೆರಿಕದಲ್ಲಿ 1974ರ ಒಂದು ಕಾಯ್ದೆಯಂತೆ, ವಿದ್ಯಾರ್ಥಿ ಕಾಲೇಜು ಸೇರಿದ ಮೇಲೆ ಅವನ ಅಂಕಪಟ್ಟಿಯ ಮೇಲಿನ ಹಕ್ಕು ಅವನದೇ; ಸಾಮಾನ್ಯವಾಗಿ ಅವನ ಒಪ್ಪಿಗೆ ಇಲ್ಲದೆ ತಂದೆಗೆ ತೋರಿಸುವಂತಿಲ್ಲ. ಅಂಥ ದೇಶದಲ್ಲೇ ಮಕ್ಕಳ ತಲೆಯ ಮೇಲೆ ಹೆಲಿಕಾಪ್ಟರಿನ ಹಾಗೆ ಸುತ್ತುವ ಪಾಲಕರು ಎಂದು ಜನ ಹಾಸ್ಯ ಮಾಡುತ್ತಾರೆ. ಚೀನಾದ ತಿಯಾನ್‌ಜಿನ್ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳನ್ನು ಬಿಡಲು ಬಂದ ತಂದೆತಾಯಿಗಳು ರಾತ್ರಿ ಮಲಗಲೆಂದು ಕ್ರೀಡಾಂಗಣದೊಳಗೆ ಸಾಲಾಗಿ ಗುಡಾರ ಹಾಕಿಸಿದ್ದರು. ನಮ್ಮ ಕೊರತೆ ಆ ಎರಡೂ ತರಹದ್ದಲ್ಲ. ಇಲ್ಲಿ ಮನೆ ದೂರ ನಿಂತಿರುವುದು ಹಕ್ಕಿನ ಗೌರವದಿಂದಲ್ಲ, ಅಂಜಿಕೆಯಿಂದ.

ಅಂಜಿಸಿದವರು ನಾವೇ, ಕಾಲೇಜಿನವರು. ಪಾಲಕರ ಸಭೆ ಕರೆಯುತ್ತೇವೆ. 1994ರಲ್ಲಿ ನ್ಯಾಕ್ ಬಂದು, ಅದರ ಸಮಿತಿಗಳು ಕಾಲೇಜುಗಳಿಗೆ ಭೇಟಿ ಕೊಡಲಾರಂಭಿಸಿದ ಮೇಲೆ ಈ ಸಭೆಗಳೂ ಹೆಚ್ಚಿದವು, ಯಾಕೆಂದರೆ ಪಾಲಕರ ಅಭಿಪ್ರಾಯ ಸಂಗ್ರಹಿಸಿದ ದಾಖಲೆ ತೋರಿಸಬೇಕು. ಸಭೆಯ ದಿನ ಯಾವುದು? ಶನಿವಾರ ಮಧ್ಯಾಹ್ನ, ಅದೂ ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತಿನಲ್ಲಿ. ಪತ್ರ ಕನ್ನಡದಲ್ಲೇ ಇರುತ್ತದೆ, ಆದರೆ "ಆಂತರಿಕ ಮೌಲ್ಯಮಾಪನ", "ಶೈಕ್ಷಣಿಕ ಪ್ರಗತಿ ಪರಾಮರ್ಶೆ" ಎಂದೆಲ್ಲ ಓದಿದರೆ ಕೋರ್ಟಿನ ಸಮನ್ಸು ಬಂದಂತಾಗುತ್ತದೆ. ಹೇಗೋ ಬಂದ ಹತ್ತು ಜನರನ್ನು ಹಿಂದಿನ ಬೆಂಚಿನ ಮೇಲೆ ಕೂಡಿಸುತ್ತೇವೆ. ಪ್ರಾಚಾರ್ಯರು ಫಲಿತಾಂಶದ ಪ್ರತಿಶತ ಓದುತ್ತಾರೆ. ಪಟಗ ಸುತ್ತಿದ ಅಜ್ಜನೊಬ್ಬ ಎದ್ದು "ನಮ್ಮ ಹುಡುಗ ಹೆಂಗದಾನ್ರಿ?" ಎಂದರೆ "ಆಮೇಲೆ ಬಂದು ಭೇಟಿಯಾಗ್ರಿ" ಎನ್ನುತ್ತೇವೆ. ಆಮೇಲೆ ಫೋಟೋ, ರಜಿಸ್ಟರಿನಲ್ಲಿ ಸಹಿ, ಚಹಾ. ಆ ಅಜ್ಜ ಕೇಳಿದ್ದೊಂದೇ ಆ ದಿನದ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲಿಕ್ಕಾಗಿಯೇ ಸಭೆ ಕರೆಯಬೇಕಾಗಿತ್ತು.

ಪ್ರವೇಶದ ಅರ್ಜಿಯನ್ನೂ ನೋಡಿ. ತಂದೆಯ ಹೆಸರು, ಉದ್ಯೋಗ, ವಾರ್ಷಿಕ ಆದಾಯ. ಹುಡುಗಿಯನ್ನು ನಿಜವಾಗಿ ಓದಿಸುತ್ತಿರುವವರು ಸೋದರಮಾವ ಇರಬಹುದು, ಹೊಲಿಗೆ ಯಂತ್ರ ತುಳಿಯುವ ಅಕ್ಕ ಇರಬಹುದು, ಅವರಿಗೆ ಅರ್ಜಿಯಲ್ಲಿ ಜಾಗವಿಲ್ಲ. ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿದರೆ ತಂದೆಯ ನಂಬರಿಗೆ ಸಂದೇಶ ಹೋಗುತ್ತದೆ. ಆ ನಂಬರು ಬಹಳ ಸಲ ಹುಡುಗನದೇ ಆಗಿರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮನೆಯವರ ಪಾಲು ಬೇರೆಯೇ ಬಣ್ಣ ತಾಳುತ್ತದೆ. ಕಾಲೇಜು ಮುಟ್ಟುವ ವಿಷಯದಲ್ಲಿ ಅವರು ಹಿಂದೆ ಬಿದ್ದಿಲ್ಲ. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ದೇಶದ ದಾಖಲಾತಿ ಪ್ರಮಾಣ ಹುಡುಗರದು ಶೇಕಡಾ 28.3, ಹುಡುಗಿಯರದು 28.5. ನಮ್ಮ ತರಗತಿಗಳಲ್ಲೂ ಮುಂದಿನ ಬೆಂಚುಗಳು ಅವರವೇ. ತೊಡಕು ಬರುವುದು ನಾಲ್ಕನೆಯ, ಐದನೆಯ ಸೆಮಿಸ್ಟರಿನಲ್ಲಿ. "ಒಳ್ಳೆ ವರ ಬಂದೈತ್ರಿ, ಮುಂದ ಅವರ ಮನ್ಯಾಗ ಕಲಸ್ತಾರ." ಹದಿನೆಂಟು ತುಂಬಿದ ಮೇಲೆ ಇದನ್ನು ತಡೆಯುವ ಕಾನೂನು ಇಲ್ಲ, ತಡೆಯಬೇಕೆಂದು ನಾನು ಹೇಳುತ್ತಲೂ ಇಲ್ಲ. ಅರಿಷಿಣದ ಕೈಯಲ್ಲೇ ಪರೀಕ್ಷೆಗೆ ಬಂದು ಮೊದಲ ದರ್ಜೆಯಲ್ಲಿ ಪಾಸಾದವರನ್ನು ಕಂಡಿದ್ದೇನೆ. ಹಾಲ್ ಟಿಕೆಟ್ ಬಂದು ಕಚೇರಿಯಲ್ಲೇ ಉಳಿದದ್ದನ್ನೂ ಕಂಡಿದ್ದೇನೆ, ಅದೇ ಹೆಚ್ಚು.

ನಮ್ಮಲ್ಲಿ ಮಾತುಕತೆಯ ದಿನ ದೈವದವರು ಕೂತು ಎಷ್ಟು ತೊಲೆ, ಲಗ್ನ ಯಾರ ಮನೆಯಂಗಳದಲ್ಲಿ, ಬೀಗರ ಕಡೆಯಿಂದ ಎಷ್ಟು ಜನ ಎಂದು ಕಡ್ಡಿ ಮುರಿದ ಹಾಗೆ ತೀರ್ಮಾನಿಸುತ್ತಾರೆ. ಅದೇ ಜಮಖಾನೆಯ ಮೇಲೆ "ಹುಡುಗಿ ಡಿಗ್ರಿ ಮುಗಸಬೇಕು, ಅಲ್ಲೀತನಕ ಫೀ ಯಾರು ಕಟ್ಟೂದು" ಎಂಬುದೂ ತೀರ್ಮಾನವಾಗಲಿ. ಹಿರಿಯರ ಮುಂದೆ ಒಪ್ಪಿದ ಮಾತನ್ನು ಬೀಗರು ಸುಲಭಕ್ಕೆ ಮುರಿಯುವುದಿಲ್ಲ. ಒಳಗಿನ ಕೋಣೆಯಲ್ಲಿ ಅತ್ತೆ ಹೇಳಿದ "ಕಲಸೋಣ ತಗೋ" ಎಂಬ ಮಾತಿಗೆ ಸಾಕ್ಷಿಯಿಲ್ಲ. ಬೆಳವಡಿ ಮಲ್ಲಮ್ಮನ, ಕಿತ್ತೂರು ಚೆನ್ನಮ್ಮನ ನಾಡು ಎಂದು ವೇದಿಕೆಗಳ ಮೇಲೆ ಹೇಳಿಕೊಳ್ಳುವ ನಾವು ಇಷ್ಟನ್ನಾದರೂ ಮಾಡಬಹುದು.

ಇನ್ನೊಂದು ವಿಷಯ, ಚಿಕ್ಕದಾಗಿ. ಪದವಿ ಮುಗಿದರೂ ಬುತ್ತಿ ನಿಲ್ಲದ ಮನೆಗಳಿವೆ. ಧಾರವಾಡದ ತರಬೇತಿ ಕೇಂದ್ರಗಳಲ್ಲಿ, ಬಾಡಿಗೆ ವಾಚನಾಲಯಗಳಲ್ಲಿ ಪಿ.ಎಸ್.ಐ., ಎಫ್.ಡಿ.ಎ., ಕೆ.ಎ.ಎಸ್. ಎಂದು ವರ್ಷಗಟ್ಟಲೆ ಕೂತವರಿದ್ದಾರೆ. 2024ರ ಕೊನೆಗೆ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಬೇಡವೆಂದು ಸರಕಾರ ತಡೆಹಿಡಿಯಿತು. 2025ರಲ್ಲಿ ಸಾವಿರಾರು ತರುಣರು ಅದೇ ಧಾರವಾಡದಲ್ಲಿ ಬೀದಿಗಿಳಿದರು. ಅವರ ಸಿಟ್ಟಿನ ಹಿಂದೆ ಊರಲ್ಲಿ ಕಾಯುತ್ತಿರುವ ಮನೆಗಳ ಸಿಟ್ಟೂ ಇತ್ತು. ಇಲ್ಲಿ ಮನೆಯವರು ಕೇಳಬೇಕಾದದ್ದು ಒಂದು ಗಡುವು: ಎಷ್ಟು ವರ್ಷ, ಎಷ್ಟು ರೊಕ್ಕ, ಆಗದಿದ್ದರೆ ಮುಂದೇನು. ಕೋಣೆ ಹಿಡಿಯುವ ದಿನವೇ ಇದನ್ನು ಎದುರಾಎದುರು ಮಾತಾಡಿಕೊಂಡರೆ ಐದನೆಯ ವರ್ಷ ಒಬ್ಬರ ಮುಖ ಒಬ್ಬರು ನೋಡಲು ಹಿಂಜರಿಯಬೇಕಾಗುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ನನ್ನ ಕಿರಿಯ ಮಿತ್ರರು ಕೆಲವರು ಇಲ್ಲಿದ್ದಾರೆ. ಅವರಿಗೆ ಬೇಡಿಕೆ ಇಡುತ್ತೇನೆ. ಪಾಲಕರ ಸಭೆಯನ್ನು ಸೋಮವಾರ ಇಲ್ಲವೇ ಅಮಾವಾಸ್ಯೆಯ ದಿನ ಕರೆಯಿರಿ. ಅವತ್ತು ಈ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಜನ ಬಿಡುವಾಗಿ ಸಿಗುತ್ತಾರೆ. ವರ್ಷಕ್ಕೊಂದು ಸಭೆಯನ್ನಾದರೂ ಕಾಲೇಜಿನಲ್ಲಿ ಬೇಡ, ಊರಲ್ಲಿ ಮಾಡಿ. ಹೆಚ್ಚು ವಿದ್ಯಾರ್ಥಿಗಳು ಬರುವ ಹತ್ತು ಊರು ಆರಿಸಿಕೊಳ್ಳಿ, ಮೂವರು ಅಧ್ಯಾಪಕರು ಹೋಗಿ ಗುಡಿಯ ಕಟ್ಟೆಯ ಮೇಲೆ ಕೂಡಿ. ಸೆಮಿಸ್ಟರು ಎಂದರೇನು, ಆರು ಸೆಮಿಸ್ಟರಿಗೆ ಪದವಿ ಹೇಗೆ ಮುಗಿಯುತ್ತದೆ, ವಿಷಯ ಉಳಿದರೆ ಏನು ಮಾಡಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಇಷ್ಟು ಹೇಳಿದರೆ ಸಾಕು. ಅಂಕಗಳನ್ನು ಎಲ್ಲರೆದುರು ಓದಬೇಡಿ. ಹದಿನೆಂಟು ದಾಟಿದವರ ಮಾನ ಅದು. ಪ್ರವೇಶದ ಅರ್ಜಿಯಲ್ಲಿ "ನಿನ್ನನ್ನು ಓದಿಸುತ್ತಿರುವವರು ಯಾರು?" ಎಂದು ಒಂದು ಸಾಲು ಸೇರಿಸಿ. ಅದಕ್ಕೆ ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಾಗಿಲ್ಲ.

ದತ್ತಿ ಇಟ್ಟ ಮನೆಯವರಲ್ಲಿ ನನ್ನ ವಿನಂತಿ ಇದು. ಮುಂದಿನ ವರ್ಷದಿಂದ ಬಹುಮಾನ ಕೊಡುವಾಗ ಹುಡುಗನನ್ನು ಒಬ್ಬನನ್ನೇ ವೇದಿಕೆಗೆ ಕರೆಯಬೇಡಿ. ಅವನಿಗಾಗಿ ಸಾಲಿ ಬಿಟ್ಟ ಅಕ್ಕನೋ ಅಣ್ಣನೋ ಇದ್ದರೆ ಅವರ ಹೆಸರನ್ನೂ ಕರೆಯಿರಿ.

ಬಾಗಿಲ ಬಳಿ ಕೂತ ಮಕ್ಕಳೇ, ನೀವಿನ್ನೂ ಎದ್ದು ಹೋಗಿಲ್ಲ, ಅದಕ್ಕೆ ಕೃತಜ್ಞ. ನಿಮ್ಮ ತಾಯಿ ನೀವು ಓದುವ ಕಾಲೇಜನ್ನು ಕಂಡಿರಲಿಕ್ಕಿಲ್ಲ. ಈಗ ಅವಳಿಗೆ ಬಸ್ಸಿಗೆ ಟಿಕೆಟ್ಟಿಲ್ಲ. ಬರುವ ಸೋಮವಾರ ಕರೆದುಕೊಂಡು ಹೋಗಿ, ನೀವು ಕೂಡುವ ಬೆಂಚು ತೋರಿಸಿ, ಗ್ರಂಥಾಲಯ ತೋರಿಸಿ, ನಿಮ್ಮ ಮಾಸ್ತರರ ಜೊತೆ ಮಾತಾಡಿಸಿ. ಯಾವ ವಿಷಯ ಉಳಿದಿದ್ದರೂ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿಬಿಡಿ.